ದಿಲ್ಲಿ ನೋಡಾಕ ಬಂದವರು

೪ ಅಕ್ಟೋಬರ್ ೨೦೨೪, ಶುಕ್ರವಾರ
ಧಾರವಾಡ

ನಾಳೆ ಹುಬ್ಬಳ್ಳಿಯಿಂದ ಗಾಡಿ. ನಮ್ಮ ಮನಿಯವ್ರು ಮುಂಜಾನಿಂದ ಒಂದ ಸೂಟಕೇಸು ಮೂರು ಸಲ ತುಂಬಿ ಮೂರು ಸಲ ತಗದಾರ. ಮೂವತ್ತಾರು ವರ್ಷ ಸರ್ವೇ ಇಲಾಖೆಯೊಳಗ ಮಂದಿ ಹೊಲ ಅಳತಿ ಮಾಡಿದ ಮನುಷ್ಯಾ. ಜೂನ್‌ದಾಗ ರಿಟೈರ್ ಆದ್ರು. ಈಗ ಅಳತಿ ಮಾಡಾಕ ಏನೂ ಸಿಗವಲ್ದು, ಅದಕ್ಕ ಸೂಟಕೇಸಿನ ಬೆನ್ನು ಹತ್ಯಾರ.

ದಸರಾ ಸೂಟಿಯೊಳಗ ಎಲ್ಲೆರ ಹೋಗಿ ಬರೂಣು ಅಂದವ್ರು ಇವ್ರ. ನಾ ಅಜಂತಾ ಅಂದ್ನಿ, ನಾಗಪುರ ಅಂದ್ನಿ. ದಿಲ್ಲಿ ಅಂದ್ರ ದಿಲ್ಲಿ ಅಂತ ಹಠ ಹಿಡದ್ರು. ಇಪ್ಪತ್ತೆಂಟು ವರ್ಷ ಹುಡುಗರಿಗೆ ಕುತುಬ್ ಮಿನಾರ್, ಪಾರ್ಲಿಮೆಂಟು ಅಂತ ಪಾಠ ಹೇಳೀದಿ, ಒಮ್ಮೆ ಕಣ್ಣಿಲೆ ನೋಡಬ್ಯಾಡೇನು ಅಂದ್ರು. ಮಾತು ಖರೇನ. ಹೆಬ್ಬಳ್ಳಿ ಸಾಲಿಯೊಳಗ ಹೆಡ್ ಬಾಯಾರು ಅನಿಸಿಕೊಂಡು, ನಾ ಬೆಂಗಳೂರು ದಾಟಿ ಆಚೆ ಹೋದಾಕಿ ಅಲ್ಲ.

ಆದ್ರ ದಿಲ್ಲಿಯೊಳಗ ಅಕಿ ಅದಾಳ. ನಮ್ಮ ಒಬ್ಬಾಕಿ ಮಗಳು. ಬರೂ ನವೆಂಬರಿಗೆ ಮೂರು ವರ್ಷ ಆಗ್ತಾವ. ಗಂಡನ ಮನಿ ಬಿಟ್ಟು, ನಮಗ ಒಂದು ಮಾತು ಹೇಳದ, ಅಷ್ಟು ದೂರ ಹೋಗಿ ಕುಂತಾಳ. ಫೋನಿಲ್ಲ, ಪತ್ರ ಇಲ್ಲ. ದಿಲ್ಲಿಯೊಳಗ ಅದಾಳ ಅನ್ನೂದೂ ಅಕಿ ಗೆಳತಿ ಒಬ್ಬಾಕಿ ಬಾಯಿಂದ ಕೇಳಿದ್ದು. ಆಮ್ಯಾಲ ಕೋರ್ಟಿನ್ಯಾಗ ಕಾಗದಾನೂ ಆಗಿ ಸಂಬಂಧ ಮುಗೀತು. ಓಣಿಯವ್ರು ಕೇಳಿದ್ರ ಮಗಳು ದೊಡ್ಡ ಟ್ರೇನಿಂಗಿಗೆ ಹೋಗ್ಯಾಳ ಅಂತ ಹೇಳ್ತೇನಿ. ಮೂರು ವರ್ಷದ ಟ್ರೇನಿಂಗು ಯಾವುದು ಅಂತ ಇನ್ನೂ ಯಾರೂ ಕೇಳಿಲ್ಲ.

ಮನ್ಯಾಗ ಅಕಿ ಹೆಸರು ಇವ್ರು ಎತ್ತೂದಿಲ್ಲ, ನಾನೂ ಎತ್ತೂದಿಲ್ಲ. ದಿಲ್ಲಿ ಅಂದ್ರ ಎರಡು ಕೋಟಿ ಮಂದಿ ಇರೂ ಊರು. ನಾವು ಹೊಂಟಿದ್ದು ಕೆಂಪುಕೋಟಿ, ಮಿನಾರು ನೋಡಾಕ. ಬ್ಯಾರೆ ಏನಕ್ಕೂ ಅಲ್ಲ.

೬ ಅಕ್ಟೋಬರ್, ಭಾನುವಾರ
ಗಾಡಿಯೊಳಗ

ಮಧ್ಯಪ್ರದೇಶ ಬಂದೇತಂತ. ಹೊರಗ ಸೋಯಾ ಹೊಲ, ಒಣಗಿ ಹಳದಿ ಆಗ್ಯಾವ. ಎದುರಿನ ಸೀಟಿನ್ಯಾಗ ಹುಬ್ಬಳ್ಳಿಯವ್ರು, ಗಂಗಪ್ಪ ಅಂತ. ತಾರಿಹಾಳದಾಗ ಲೇಥ್ ಮಷೀನಿನ ಸಣ್ಣ ವರ್ಕ್‌ಶಾಪ್ ಐತಂತ. ಗಂಡ ಹೆಂಡತಿ ಹರಿದ್ವಾರಕ್ಕ ಹೊಂಟಾರ. ಅವ್ರ ಹೆಂಡತಿ ಭಾಳ ಛಲೋ ಹೆಣ್ಮಗಳು, ನಮಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಲು. ರೊಟ್ಟಿ ಕೊಟ್ಟವ್ರು ಮಕ್ಕಳೆಷ್ಟು ಅಂತ ಕೇಳೇ ಕೇಳ್ತಾರ. ಕೇಳಿದ್ರು.

ನಾ ಟ್ರೇನಿಂಗಿನ ಮಾತು ತಗೀಬೇಕನ್ನೂದ್ರಾಗ ಇವ್ರು ನಡುವ ಬಂದು, ಒಬ್ಬಾಕಿ ಮಗಳ್ರಿ, ನೀಲಾ ಅಂತ, ದಿಲ್ಲಿಯೊಳಗ ಒಂದು ಲ್ಯಾಬಿನ್ಯಾಗ ರಕ್ತ ತಪಾಸಣೆ ಮಾಡೂ ಕೆಲಸ ಮಾಡ್ತಾಳ್ರಿ ಅಂದ್ರು. ಬಾಯಿ ತುಂಬ ಅಂದ್ರು. ಗಂಗಪ್ಪನವ್ರು, ಹಂಗಾರ ಮಗಳ ಮನಿಗೆ ಹೊಂಟೀರಿ ಅನ್ರಿ ಅಂದ್ರು. ಇವ್ರು ಕಿಡಕಿ ಕಡೆ ನೋಡಿದ್ರು.

ಲ್ಯಾಬು ಅನ್ನೂದು ನಿಮಗ ಹೆಂಗ ಗೊತ್ತಾತು ಅಂತ ಆಮ್ಯಾಲ ಬಾಗಲ ಕಡೆ ಕರದು ಕೇಳಿದ್ನಿ. ಅದ ಗೆಳತಿ ಅಂದಿದ್ಲಲ್ಲ ಅಂದ್ರು. ನನಗ ಅಂದ ನೆನಪಿಲ್ಲ. ಇವ್ರಿಗೆ ವಯಸ್ಸಾತು, ತಾವ ಏನೋ ಕಟ್ಟಿಕೊಂಡು ಅದನ್ನ ಖರೇ ಅಂತ ತಿಳದಾರ. ಸಿಟ್ಟು ಬರ್ಲಿಲ್ಲ, ಪಾಪ ಅನಿಸ್ತು.

೮ ಅಕ್ಟೋಬರ್, ಮಂಗಳವಾರ
ದಿಲ್ಲಿ, ಕರೋಲ್ ಬಾಗ

ನಿನ್ನೆ ಮುಟ್ಟಿದ್ವಿ. ಹೋಟೆಲ್ ರೂಮು ಸಣ್ಣದು, ಸ್ವಚ್ಛ ಐತಿ. ಇವತ್ತ ಕುತುಬ್ ಮಿನಾರ್ ನೋಡಿದ್ವಿ. ಪುಸ್ತಕದ ಚಿತ್ರದಾಗ ಅದರ ಬಣ್ಣ ತಿಳಿಯೂದಿಲ್ಲ. ಮುಂಜಾನಿ ಬಿಸಲಾಗ ಹಣ್ಣಾದ ಕೆಂಪು ಪ್ಯಾರಲಹಣ್ಣಿನ ಒಳಗಿನ ಬಣ್ಣ. ಇವ್ರು ಬುಡದ ಸುತ್ತ ಹೆಜ್ಜಿ ಹಾಕಿ ಎಣಸಾಕ ಶುರು ಮಾಡಿದ್ರು. ಕಾವಲುಗಾರ ಹಿಂದಿ ಭಾಷಾದಾಗ ಏನು ಹುಡಕಾಕತ್ತೀರಿ ಅಂತ ಕೇಳಿದ. ನಾ ನಕ್ಕಿದ್ನಿ. ಭಾಳ ದಿನದ ಮ್ಯಾಲ ನಕ್ಕಿದ್ನಿ ಅನಸ್ತೈತಿ.

ಮೆಟ್ರೋದಾಗ ಮಾತ್ರ ಇವ್ರದು ನೋಡಾಕ ಆಗೂದಿಲ್ಲ. ಇಪ್ಪತ್ತೆಂಟು, ಮೂವತ್ತು ವಯಸ್ಸಿನ ಹುಡುಗ್ಯಾರು ಹತ್ತಿದ್ರ ಸಾಕು, ಮಾರಿ ನೋಡ್ತಾರ. ಮಂದಿ ತಪ್ಪು ತಿಳೀತಾರ, ಸುಮ್ಮ ಕುಂಡ್ರಿ ಅಂತ ಬೈದ್ನಿ. ಇವ್ರು, ನೀನೂ ನೋಡಾಕತ್ತೀಯಲ್ಲ ಜಯಾ ಅಂದ್ರು. ನಾ ಎಲ್ಲಿ ನೋಡಿದ್ನಿ.

ಇಲ್ಲೆ ಕುಂತು ಬರಿಯೂವಾಗ ಒಂದು ಮಾತು ಅನಸ್ತೈತಿ. ನಾ ಮಾಡಿದ್ದರಾಗ ತಪ್ಪೇನು. ಗದಗಿನ ಆ ಸಂಬಂಧ ನಾನ ಹುಡುಕಿದ್ದು. ಹುಡುಗ ಕಾಲೇಜಿನ್ಯಾಗ ಲೆಕ್ಚರರ್, ಮನಿತನ ಓದಿದ್ದು, ಗ್ವಾಡಿ ಮ್ಯಾಲ ಬಾಬಾಸಾಹೇಬರ ಫೋಟೋ. ನಮ್ಮವ್ವ ಕಸ್ತೂರೆವ್ವ ಸುಳ್ಳ ಅನ್ನೂ ಊರಿನ ಗೌಡರ ಹೊಲದಾಗ ಕಳೆ ತಗದು ನನ್ನ ಓದಿಸಿದಾಕಿ. ಅಂಥಾಕಿ ಮೊಮ್ಮಗಳಿಗೆ ಲೆಕ್ಚರರ್ ಗಂಡ ಸಿಕ್ಕ ಅಂತ ಓಣಿ ತುಂಬ ಸಕ್ಕರಿ ಹಂಚಿದ್ವಿ. ಅವ ಸಿಟ್ಟಿನಾಂವ ಅಂತ ಮದಿವಿಗಿಂತ ಮೊದಲ ಯಾರಿಗೆ ಗೊತ್ತಿತ್ತು. ಗಂಡಸರಿಗೆ ಸಿಟ್ಟು ಬರ್ತೈತಿ, ಇಳೀತೈತಿ. ನಮ್ಮತ್ತಿ ಕೈಯಾಗ ನಾ ಹನ್ನೊಂದು ವರ್ಷ ಬಾಳೇವು ಮಾಡಿಲ್ಲೇನು. ಒಂದು ಮನಿತನ ಕಟ್ಟಾಕ ಎಷ್ಟು ವರ್ಷ ಬೇಕು, ಕೆಡವಾಕ ಎಷ್ಟು ಹೊತ್ತು. ಅಷ್ಟ ಹೇಳಿದ್ನಿ ನಾ ಅಕಿಗೆ. ತಾಯಿ ಆದಾಕಿ ಬ್ಯಾರೆ ಏನು ಹೇಳ್ಬೇಕಿತ್ತು.

೯ ಅಕ್ಟೋಬರ್, ಬುಧವಾರ

ಕೆಂಪುಕೋಟಿ. ಬಿಸಲು, ಗದ್ಲ. ಚಾಂದನಿ ಚೌಕದಾಗ ಒಂದು ನೀಲಿ ದುಪಟ್ಟಾ ಕೊಂಡ್ನಿ. ನಾ ದುಪಟ್ಟಾ ಹಾಕ್ಕೊಳ್ಳೂದಿಲ್ಲ. ಇವ್ರು ಯಾರಿಗೆ ಅಂತ ಕೇಳ್ಲಿಲ್ಲ.

ಕಾಲು ಬಾತಾವ. ಬರಿಯಾಕ ಮನಸಿಲ್ಲ.

೧೦ ಅಕ್ಟೋಬರ್, ಗುರುವಾರ

ಇವತ್ತ ಅಲಿಪುರ ರಸ್ತೆಗೆ ಹೋಗಿದ್ವಿ, ಬಾಬಾಸಾಹೇಬರು ಕಡೀ ಉಸಿರು ಬಿಟ್ಟ ಜಾಗ. ತೆರೆದಿಟ್ಟ ಪುಸ್ತಕದ ಆಕಾರದಾಗ ದೊಡ್ಡ ಸ್ಮಾರಕ ಕಟ್ಟ್ಯಾರ. ಅಲ್ಲೆ ಹೋಗಬೇಕನ್ನೂದು ನನ್ನ ಆಸೆ, ದಿಲ್ಲಿ ಅಂದಾಗ ನಾ ಒಪ್ಪಿಕೊಂಡಿದ್ದೂ ಅದಕ್ಕ.

ಒಳಗ ತಂಪಿತ್ತು. ಮಹಾರಾಷ್ಟ್ರದ ಯಾವುದೋ ಹಳ್ಳಿಯಿಂದ ಹೆಣ್ಮಕ್ಕಳ ಗುಂಪು ಬಂದಿತ್ತು, ಬಿಳೇ ಸೀರಿ ಉಟ್ಟುಕೊಂಡು. ಅದರಾಗ ಒಬ್ಬ ಮುದುಕಿ ನನ್ನ ಕೈ ಹಿಡದು, ಓದಾಕ ಬರ್ತೈತೇನವ್ವ, ಇಲ್ಲೇನು ಬರದಾರ ಹೇಳು ಅಂತ ಮರಾಠಿಯೊಳಗ ಕೇಳಿದ್ಲು. ಬರದಿದ್ದನ್ನ ನನಗ ಬರೂವಷ್ಟು ಮರಾಠಿಯೊಳಗ ಓದಿ ಹೇಳಿದ್ನಿ. ಓದಿದ್ಮ್ಯಾಲ ನಾನ ಸ್ವಂತ ಮುಂದುವರದು, ಹೆಣ್ಮಕ್ಕಳಿಗೆ ಆಸ್ತಿಯೊಳಗ ಪಾಲು ಬೇಕು, ಕೆಟ್ಟ ಗಂಡನ್ನ ಬಿಡೂ ಹಕ್ಕು ಬೇಕು ಅಂತ ಬಾಬಾಸಾಹೇಬರು ಕಾಯ್ದೆ ತರಾಕ ಹೋದ್ರು, ಅದು ಆಗಲಿಲ್ಲ ಅಂತ ಮಂತ್ರಿ ಪದವೀನ ಬಿಟ್ಟ್ರು ಅಂತ ಹೇಳಿದ್ನಿ. ಪ್ರತಿ ಏಪ್ರಿಲ್ ಹದಿನಾಲ್ಕಕ್ಕ ಸಾಲಿಯೊಳಗ ಇದನ್ನ ಭಾಷಣ ಮಾಡ್ತೇನಿ. ಬಾಯಿಪಾಠ. ಮುದುಕಿ ಕಣ್ಣಾಗ ನೀರು ಬಂತು. ನನ್ನ ಗದ್ದ ಹಿಡದು, ನಿನ್ನ ಮಕ್ಕಳು ಪುಣ್ಯಾ ಮಾಡ್ಯಾವ ಅಂದ್ಲು.

ಹೊರಗ ಬಂದು ಕಟ್ಟಿ ಮ್ಯಾಲ ಕುಂತ್ನಿ. ಇವ್ರು ನೀರು ತಂದುಕೊಟ್ಟು ಏನಾತು ಅಂದ್ರು. ಬಿಸಲಿಗೆ ಅಂತ ಹೇಳಿದ್ನಿ.

ಬಿಸಲಿಗಲ್ಲ. ಇದನ್ನ ಎಲ್ಲೆರ ಬರೀಬೇಕು, ಇಲ್ಲೆ ಬರೀತೇನಿ. ನೀಲಾ ಮೂರು ಸಲ ಬಂದಿದ್ಲು. ಮೊದಲನೇ ಸಲ ಮದಿವಿಯಾಗಿ ಆರು ತಿಂಗಳಿಗೆ. ಅತ್ತುಕೊಂಡು ಬಂದಿದ್ಲು, ಬುದ್ಧಿ ಹೇಳಿ ಕಳಿಸಿದ್ನಿ. ಎರಡನೇ ಸಲ ತುಟಿ ಒಡದಿತ್ತು. ಅಳಿಯನ್ನ ಕರಸಿ ಇಬ್ಬರನ್ನೂ ಕುಂಡರಿಸಿ ಮಾತಾಡಿದ್ನಿ. ಅವ ನನ್ನ ಕಾಲು ಮುಟ್ಟಿದ. ಅಷ್ಟಕ್ಕ ನಾ ಕರಗಿದ್ನಿ, ಮತ್ತ ಕಳಿಸಿದ್ನಿ.

ಮೂರನೇ ಸಲ ಒಂದು ಗುರುವಾರ ಮಧ್ಯಾಹ್ನ. ಸಾಲಿ ಇನಸ್ಪೆಕ್ಟರು ಬರೂ ದಿನ ಅಂತ ನಾ ಮನ್ಯಾಗಿನ ಫೈಲು ಒಯ್ಯಾಕ ಬಂದಿದ್ನಿ. ಇವ್ರು ಕಚೇರಿಗೆ ಹೋಗಿದ್ರು. ನೀಲಾ ಬಾಗಲ ಮುಂದಿನ ಪಾವಟಿಗಿ ಮ್ಯಾಲ ಕುಂತಿದ್ಲು, ಕೈಯಾಗ ಚೀಲಾನೂ ಇಲ್ಲ. ಕೆನ್ನಿ ಮ್ಯಾಲ ಕೈ ಬೆರಳಿನ ಗುರ್ತು ಮೂಡಿದ್ವು. "ಅವ್ವಾ, ಕಿವಿ ಗುಂಯ್ ಅಂತೈತಿ" ಅಂದ್ಲು. ನಾ ಎಣ್ಣಿ ಬೆಚ್ಚಗ ಮಾಡಿ ಎರಡು ಹನಿ ಬಿಟ್ನಿ. ಊಟಕ್ಕ ಹಾಕಿದ್ನಿ. ಆಮ್ಯಾಲ ನಾನ ಆಟೋದಾಗ ಬಸ್ ಸ್ಟ್ಯಾಂಡಿಗೆ ಕರಕೊಂಡು ಹೋಗಿ ಗದಗಿನ ಬಸ್ಸಿಗೆ ಹತ್ತಿಸಿದ್ನಿ. ಬಸ್ಸು ಬಿಡೂತನ ಅಕಿ ನನ್ನ ಕಡೆ ನೋಡ್ಲಿಲ್ಲ. ನಾ ಸಾಲಿಗೆ ಹೊತ್ತಾತು ಅಂತ ಲಗೂನ ಹೋದ್ನಿ.

ಹದಿನೈದು ದಿನಕ್ಕ ಅಕಿ ಗದಗನ್ನೂ ಬಿಟ್ಟಿದ್ಲು.

ಇದನ್ನ ಇವ್ರಿಗೂ ಪೂರ್ತಿ ಹೇಳಿಲ್ಲ. ನೀಲಾ ಬಂದಿದ್ಲು, ತಾನ ಹೋದ್ಲು ಅಂತ ಹೇಳಿದ್ನಿ.

೧೧ ಅಕ್ಟೋಬರ್, ಶುಕ್ರವಾರ

ಮುಂಜಾನಿ ಚಾ ಕುಡಿಯೂವಾಗ ನಾ ಇವ್ರಿಗೆ ಎಲ್ಲಾ ಹೇಳಿದ್ನಿ. ಬಸ್ ಸ್ಟ್ಯಾಂಡಿಗೆ ನಾನ ಒಯ್ದಿದ್ದು, ಬಸ್ಸಿಗೆ ಹತ್ತಿಸಿದ್ದು, ಎಲ್ಲಾ. ಹೇಳಿ, ಈ ಊರಾಗ ನೀಲಾ ಎಲ್ಲಿದ್ದಾಳೋ ಏನೋ ಅಂದ್ನಿ.

ಇವ್ರು ಕಪ್ಪು ಕೆಳಗಿಟ್ರು. "ನನಗ ಗೊತ್ತೈತಿ" ಅಂದ್ರು.

ಬಸ್ಸಿನ ಮಾತು ಗೊತ್ತೈತಿ ಅಂತ ತಿಳದ್ನಿ ನಾ. ಅದೂ ಗೊತ್ತಿತ್ತು. ಬರೇ ಅದಲ್ಲ. ನೀಲಾ ಎಲ್ಲಿದ್ದಾಳ, ಎಲ್ಲಿ ಕೆಲಸ, ಯಾವ ಓಣಿ, ಎಲ್ಲಾ ಇವ್ರಿಗೆ ಗೊತ್ತು. ಮೂರು ವರ್ಷದ ಹಿಂದ, ನವಲಗುಂದಕ್ಕ ಸರ್ವೇ ಐತಿ ಅಂತ ನನಗ ಹೇಳಿ, ಇವ್ರು ಗದಗಿಗೆ ಹೋಗ್ಯಾರ. ಅಕಿನ್ನ ಕರಕೊಂಡು ಹುಬ್ಬಳ್ಳಿಗೆ ಬಂದು ದಿಲ್ಲಿ ಗಾಡಿ ಹತ್ತಿಸ್ಯಾರ. ಅಲ್ಲೆ ಅಕಿ ಜೋಡಿ ಕಲಿತ ಹುಡುಗಿ ಒಬ್ಬಾಕಿ ಇದ್ಲಂತ, ಅಕಿ ರೂಮಿನ್ಯಾಗ ಮೊದಲ ಇರಾಕ ವ್ಯವಸ್ಥಾ ಮಾಡಿದ್ದೂ ಇವ್ರ. ಆವತ್ತಿನಿಂದ ಇವತ್ತಿನತನ ಅಪ್ಪ ಮಗಳು ಮಾತಾಡ್ತಾರ.

ಮೂರು ವರ್ಷ. ಪೇಪರಿನ್ಯಾಗ ದಿಲ್ಲಿಯ ಸುದ್ದಿ ಬಂದಾಗೊಮ್ಮೆ ಯಾರಿಗೂ ತಿಳೀದಂಗ ಆ ಪುಟ ಎರಡು ಸಲ ಓದ್ತಿದ್ನಿ. ಬಾಜೂಕ ಕುಂತ ಇವ್ರಿಗೆ ಅಕಿ ಉಂಡ್ಲೋ ಇಲ್ಲೋ ಅನ್ನೂದೂ ಗೊತ್ತಿತ್ತು. ನಾ ಕೂಗಾಡಿದ್ನಿ. ನಾ ತಾಯಿ ಅಲ್ಲೇನು ಅಂದ್ನಿ. ಯಾಕ ನನಗ ಹೇಳ್ಲಿಲ್ಲ ಅಂದ್ನಿ.

ಇವ್ರು ಸಿಟ್ಟಾಗ್ಲಿಲ್ಲ. ಹೊಲದ ಗಡಿ ಕಲ್ಲು ತೋರಿಸೂ ದನಿಯೊಳಗ ಹೇಳಿದ್ರು.

"ನಿನಗ ಹೇಳಿದ್ರ ನೀ ಮತ್ತ ಕಳಸ್ತಿದ್ದಿ, ಜಯಾ."

ಹೌದು, ಕಳಸ್ತಿದ್ನಿ.

ನಾಳೆ ಹನ್ನೊಂದಕ್ಕ ಮುನೀರ್ಕಾ ಅನ್ನೂ ಏರಿಯಾದಾಗ ಒಂದು ಇಡ್ಲಿ ಹೋಟೆಲಿನ್ಯಾಗ ಇವ್ರು ಅಕಿನ್ನ ಭೆಟ್ಟಿ ಆಗ್ತಾರ. ಈ ಪ್ರವಾಸ ಎಲ್ಲಾ ಅದಕ್ಕ. ನೀಲಾ ಬರ್ತೇನಿ ಅಂದಾಳ. ಆದ್ರ ಅಪ್ಪ ಒಬ್ಬನ ಬರಬೇಕಂತ. ಇಲ್ಲಿಗೆ ಬಂದ್ಮ್ಯಾಲ ಅಕಿ ಮನಸ್ಸು ತಿರಗಬಹುದು ಅಂತ, ಅವ್ವನ್ನೂ ಕರಕೊಂಡು ಬರ್ಲೇನು ಅಂತ ಇವ್ರು ದಿನಾ ಕೇಳ್ಯಾರಂತ, ಅಕಿ ದಿನಾ ಬ್ಯಾಡ ಅಂದಾಳಂತ.

ಮಧ್ಯಾಹ್ನ ಊಟ ಮಾಡ್ಲಿಲ್ಲ. ನಾ ರೂಮಿನ್ಯಾಗ ಇರ್ತೇನಿ, ನೀವು ಹೋಗಿ ಬರ್ರಿ ಅಂತ ಹೇಳೇನಿ.

೧೨ ಅಕ್ಟೋಬರ್, ಶನಿವಾರ

ಇರ್ಲಿಲ್ಲ. ಇವ್ರು ಹೋಗಿ ಹದಿನೈದು ನಿಮಿಷಕ್ಕ ನಾನೂ ಹೊಂಟ್ನಿ. ಮೆಟ್ರೋ ಎರಡು ಸಲ ಬದಲಿ ಮಾಡಿ, ಕೇಳಿಕೋತ ಕೇಳಿಕೋತ ಮುಟ್ಟಿದ್ನಿ. ಇವತ್ತ ವಿಜಯದಶಮಿ. ಓಣಿಯೊಳಗ ಹುಡುಗರು ಕಾಗದದ ರಾವಣನ್ನ ನಿಲ್ಲಿಸಾಕತ್ತಿದ್ರು. ಹೋಟೆಲ್ ಎದುರು ಕಬ್ಬಿನ ಹಾಲಿನ ಗಾಡಿ ಇತ್ತು, ಅದರ ಮರಿಗೆ ನಿಂತ್ನಿ. ಒಂದ ಸಲ ನೋಡಿ ಹೋಗೂದು ಅಂತ.

ಗಾಜಿನ ಬಾಗಲಾಚೆ ಕಂಡ್ಲು. ಕೂದಲ ಹೆಗಲತನ ಕತ್ತರಿಸ್ಯಾಳ. ಚಷ್ಮಾ ಬಂದೈತಿ. ಸೊರಗ್ಯಾಳ ಅಂತ ಮೊದಲ ಅನಿಸ್ತು, ಆಮ್ಯಾಲ ಹಂಗೇನಿಲ್ಲ, ಗಟ್ಟಿ ಆಗ್ಯಾಳ ಅನಿಸ್ತು. ಆಗಷ್ಟ ಬಂದಿದ್ಲು ಕಾಣಸ್ತೈತಿ. ಇವ್ರು ಅಕಿ ಎಡಕ್ಕ ಕುಂತ್ರು. ಅಕಿ ಇವ್ರನ್ನ ತೋಳು ಹಿಡದು ಎಬ್ಬಿಸಿ ಬಲಕ್ಕ ಕುಂಡರಿಸಿದ್ಲು. ಇವ್ರು ಮಾತಾಡಿದಾಗೊಮ್ಮೆ ಬಲಗಡೆ ಬಾಗ್ತಿದ್ಲು, ಪೂರಾ ಮಾರಿ ತಿರಿಗಿಸಿ. ಮಾಣಿ ಎಡಗಡೆ ನಿಂತು ಎರಡು ಸಲ ಏನೋ ಕೇಳಿದ. ಅಕಿಗೆ ಗೊತ್ತ ಆಗ್ಲಿಲ್ಲ.

ನಾ ಎಣ್ಣಿ ಬಿಟ್ಟ ಕಿವಿ ಅದು.

ಅಷ್ಟರಾಗ ಅಕಿ ತಲಿ ಎತ್ತಿದ್ಲು, ನನ್ನ ನೋಡಿದ್ಲು. ನನಗ ಸರಿಯಾಕ ಆಗ್ಲಿಲ್ಲ. ಅಕಿ ಅಪ್ಪಗ ಏನೋ ಹೇಳಿ ಎದ್ದು, ಒಬ್ಬಾಕಿನ ಹೊರಗ ಬಂದ್ಲು. ರಸ್ತೆ ದಾಟಿ ನನ್ನ ಮುಂದ ನಿಂತ್ಲು.

ಹಾದಿಗುಂಟ ಏನೇನೋ ಜೋಡಿಸಿಕೊಂಡು ಬಂದಿದ್ನಿ. ಬಾಯಿಂದ ಬಂದಿದ್ದು "ಕಿವಿಗೆ ಏನಾತು" ಅನ್ನೂದೊಂದ.

"ಹೋಗೇತಿ. ಎಡಗಡೇದು."

"ಅವತ್ತನ?"

"ಅವತ್ತ ಬರೇ ಗುಂಯ್ ಅಂತಿತ್ತು. ತಿರುಗಿ ಹೋದ್ಮ್ಯಾಲ ಇನ್ನೊಮ್ಮೆ ಹೊಡದ. ಆಗ ಹೋತು."

ಸಿಟ್ಟಿಲೆ ಹೇಳ್ಲಿಲ್ಲ. ಸಿಟ್ಟಿದ್ರ ನಾ ತಡಕೋತಿದ್ನಿ. ಯಾರದೋ ರಕ್ತದ ರಿಪೋರ್ಟ್ ಓದಿದಂಗ ಹೇಳಿದ್ಲು. ನಾ ಅಕಿ ಕೈ ಹಿಡಿಯಾಕ ಹೋದ್ನಿ. ಅಕಿ ಹಿಂದ ಸರೀಲಿಲ್ಲ, ಆದ್ರ ಆ ಕೈಯಾಗ ಜೀವ ಇರ್ಲಿಲ್ಲ. ನಾನ ಬಿಟ್ನಿ.

"ತಪ್ಪಾತು ನೀಲಾ" ಅಂದ್ನಿ. "ನಂದ ತಪ್ಪು. ನಿಂದಲ್ಲ, ಅಪ್ಪಂದಲ್ಲ, ನಂದ."

ಕಬ್ಬಿನ ಗಾಣದ ಗೆಜ್ಜಿ ಸಪ್ಪಳ ಬರಾಕತ್ತಿತ್ತು. ಅಕಿ ಬಲಗಿವಿ ನನ್ನ ಕಡೆ ತಿರಿಗಿಸಿ ಪೂರ್ತಿ ಕೇಳಿಸಿಕೊಂಡ್ಲು.

"ನೀ ಹಿಂಗ ಅಂತೀ ಅಂತ ಭಾಳ ದಿನ ಕಾದ್ನವ್ವಾ. ಮೊದಲನೇ ವರ್ಷ ದಿನಾ ಕಾದ್ನಿ. ಈಗ ಅಂದಿ. ನನಗ ಏನೂ ಅನಸವಲ್ದು. ನಿನ್ನ ಸಮಾಧಾನಕ್ಕ ಏನರ ಅನ್ಬೇಕು ಅಂದ್ರೂ ಬಾಯಿ ಬರವಲ್ದು."

"ಅನ್ಬ್ಯಾಡ."

"ನಿನ್ನ ನೋಡಿದ್ರ ನನಗ ಆ ಬಸ್ ಸ್ಟ್ಯಾಂಡ್ ಕಣ್ಣಿಗೆ ಬರ್ತೈತಿ. ಮುಂದ ಎಂದರ ಬರದಂಗ ಆಗ್ತೈತೋ ಏನೋ, ಗೊತ್ತಿಲ್ಲ. ಇವತ್ತಂತೂ ಬಂತು."

ನಾ ಹೋಗ್ಲೇನು ಅಂತ ಕೇಳಿದ್ನಿ. ಹೂಂ ಅಂದ್ಲು. ಅಪ್ಪನ್ನ ಸಂಜಿಕ ಕಳಸ್ತೇನಿ, ಅವರ ಬಿ.ಪಿ. ಗುಳಿಗಿ ನಾ ತಗೊಂಡು ಇಟ್ಟೇನಿ, ಕಾಳಜಿ ಮಾಡಬ್ಯಾಡ ಅಂದ್ಲು. ತಿರುಗಿ ರಸ್ತೆ ದಾಟಿದ್ಲು. ದಾಟೂವಾಗ ಎಡಗಡೆಯಿಂದ ಒಂದು ಗಾಡಿ ಹಾರ್ನ್ ಹೊಡಕೋತ ಬಂತು. ಅಕಿಗೆ ಕೇಳ್ಲಿಲ್ಲ. ಗಾಡಿಯವ ಬ್ರೇಕ್ ಹಾಕಿದ. ಅಕಿ ಕೈ ಎತ್ತಿ ಸಲಾಂ ಮಾಡಿ ಒಳಗ ಹೋದ್ಲು. ಅಕಿಗೆ ಅದು ರೂಢಿ ಆಗಿಬಿಟ್ಟೈತಿ.

ಮೆಟ್ರೋದಾಗ ಬರೂವಾಗ ಬಾಜೂಕಿನ ಸಿಖ್ ಹೆಣ್ಮಗಳು ಒಬ್ಬಾಕಿ ನನ್ನ ಕೈಯಾಗ ತನ್ನ ಕರವಸ್ತ್ರ ಇಟ್ಲು. ಆಗ ತಿಳೀತು ನಾ ಅಳಾಕತ್ತೇನಿ ಅಂತ.

೧೩ ಅಕ್ಟೋಬರ್, ಭಾನುವಾರ

ನಾಳೆ ವಾಪಸ್ಸು ಗಾಡಿ. ಇವತ್ತ ಒಂದ ದಿನ ಉಳದಿತ್ತು. ನೀವು ನೀಲಾನ ಹತ್ರ ಹೋಗ್ರಿ ಅಂತ ನಾನ ಇವ್ರನ್ನ ಎಬ್ಬಿಸಿ ಕಳಿಸಿದ್ನಿ. ನಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗ್ಲಿ ಅಂದ್ರು. ನನಗ ಊರು ನೋಡೂದೈತಿ ಅಂದ್ನಿ. ಲೋಧಿ ಗಾರ್ಡನ್ನಿಗೆ ಹೋಗಿ ಒಂದು ಗಿಡದ ಕೆಳಗ ಕುಂತ್ನಿ. ಗೋರಿಗಳ ಮ್ಯಾಲ ಗಿಳಿ ಕುಂತಿದ್ವು. ಛಲೋ ಇತ್ತು. ಏನು ನೋಡಿದ್ನೋ ನೆನಪಿಲ್ಲ.

ಸಂಜಿಕ ಇವ್ರು ಬಂದ್ರು. ನೀಲಾ ತನ್ನ ರೂಮಿಗೆ ಕರಕೊಂಡು ಹೋಗಿದ್ಲಂತ. ನಾ ಎಲ್ಲಾ ಕೇಳಿದ್ನಿ. ಇವ್ರಿಗೆ ಇವ್ರ ವಿದ್ಯಾ ಇವತ್ತ ಉಪಯೋಗ ಆತು. ರೂಮು ಹತ್ತು ಅಡಿ, ಹನ್ನೊಂದು ಅಡಿ. ಮೂರನೇ ಅಂತಸ್ತು. ಬಾಗಲ ಪೂರ್ವಕ್ಕ. ಕಿಡಕಿ ಒಂದು, ಉತ್ತರಕ್ಕ, ಅದರಾಗ ಪುದೀನಾದ ಕುಂಡ. ಕಿಡಕಿ ಕೆಳಗ ಮಂಚ. ಗ್ಯಾಸಿನ ಒಲಿ ನೈರುತ್ಯದ ಮೂಲ್ಯಾಗ, ಎರಡು ಬರ್ನರಿನದು. ಫ್ಯಾನ್ ಐತಿ, ಕೂಲರ್ ಐತಿ. ಬಾಗಲಾಗ ಗಂಟಿ ಬದಲಿ ದೀಪ ಹಚ್ಚಿಸ್ಯಾಳಂತ, ಯಾರರ ಬಂದು ಒತ್ತಿದ್ರ ಒಳಗ ಕೆಂಪಗ ಮಿನಗತೈತಂತ. ಜ್ವಾಳದ ಹಿಟ್ಟು ಎಲ್ಲೋ ಹುಡುಕಿ ತಂದು ಅಪ್ಪಗ ರೊಟ್ಟಿ ಮಾಡಿ ಹಾಕ್ಯಾಳ. ದುಂಡಗ ಬಂದಿದ್ವೇನು ಅಂತ ಕೇಳಿದ್ನಿ. ಒಂದು ಹರದಿತ್ತು ಅಂದ್ರು.

ಇಲ್ಲೆ ಒಂದು ಚೌಕ ಗೆರಿ ಹಾಕಿ ಬಾಗಲ, ಕಿಡಕಿ, ಮಂಚ ಎಲ್ಲಾ ಗುರ್ತು ಮಾಡಿಕೊಂಡೇನಿ. ಇವ್ರು ತಿದ್ದಿದ್ರು, ಮಂಚ ಸ್ವಲ್ಪ ಈಚೆ ಅಂತ.

ನೀಲಿ ದುಪಟ್ಟಾ ಇವ್ರ ಕೈಯಾಗ ಕೊಟ್ಟು ಕಳಿಸಿದ್ನಿ. ಯಾರು ಕೊಟ್ಟಿದ್ದು ಅಂತ ಅಕಿ ಕೇಳಿದ್ಲಂತ. ಇವ್ರು ಹೇಳಿದ್ರಂತ. ಇಟ್ಟುಕೊಂಡ್ಲೇನು ಅಂದ್ನಿ. ಇವ್ರು ಚೀಲದಿಂದ ತಗದು ನನ್ನ ಮುಂದ ಹೋಟೆಲಿನ ಮಂಚದ ಮ್ಯಾಲ ಇಟ್ರು.

೧೪ ಅಕ್ಟೋಬರ್, ಸೋಮವಾರ
ಗಾಡಿಯೊಳಗ

ಧಮ್ಮ ದೀಕ್ಷಾದ ದಿನ, ಬಾಬಾಸಾಹೇಬರು ಬೌದ್ಧರಾದ ದಿನ. ಪ್ರತಿ ವರ್ಷ ಮನ್ಯಾಗ ಮೇಣಬತ್ತಿ ಹಚ್ಚಿ ತ್ರಿಶರಣ ಹೇಳ್ತಿದ್ವಿ. ಇವ್ರು ಸಣ್ಣ ದನಿಯೊಳಗ ಹೇಳಿದ್ರು. ನಾ ಬುದ್ಧಂ ಸರಣಂ ಅಂದು ಅಲ್ಲೇ ನಿಂತ್ನಿ.

೨೧ ಅಕ್ಟೋಬರ್, ಸೋಮವಾರ
ಧಾರವಾಡ

ಸೂಟಿ ಮುಗದು ಸಾಲಿ ಶುರು ಆತು. ಸ್ಟಾಫ್ ರೂಮಿನ್ಯಾಗ ಎಲ್ಲಾರೂ ದಿಲ್ಲಿ ಸುದ್ದಿ ಕೇಳಾಕ ಕುಂತಿದ್ರು. ಕುತುಬ್ ಮಿನಾರ್ ಹೇಳಿದ್ನಿ, ಕೆಂಪುಕೋಟಿ ಹೇಳಿದ್ನಿ, ಅಲಿಪುರ ರಸ್ತೆ ಹೇಳಿದ್ನಿ. ಗಣಿತದ ರಮಾಕಾಂತ ಮಾಸ್ತರು, ಮಗಳು ಅಲ್ಲೇ ಟ್ರೇನಿಂಗಿನ್ಯಾಗ ಅದಾಳಲ್ಲರಿ ಬಾಯಾರ, ಭೆಟ್ಟಿ ಆದ್ಲೇನ್ರಿ ಅಂತ ಕೇಳಿದ್ರು.

ಭೆಟ್ಟಿ ಆದ್ಲು ಅಂದ್ನಿ. ಅಷ್ಟಕ್ಕ ಬಿಡಬಹುದಿತ್ತು.

"ಟ್ರೇನಿಂಗ್ ಅಲ್ರಿ ಮಾಸ್ತರ. ಗಂಡ ಹೊಡೀತಿದ್ದ. ಮೂರು ಸಲ ನನ್ನ ಮನಿಗೆ ಬಂದ್ಲು, ಮೂರೂ ಸಲ ನಾನ ತಿರುಗಿ ಕಳಿಸಿದ್ನಿ. ಒಂದು ಕಿವಿ ಹೋಗೇತಿ. ಈಗ ಅಕಿ ನನ್ನ ಜೋಡಿ ಮಾತಾಡೂದಿಲ್ಲ."

ರಮಾಕಾಂತ ಮಾಸ್ತರು ಕೈಯಾಗಿನ ಚಾಕ್ ಮೇಜಿನ ಮ್ಯಾಲ ಇಟ್ರು. ನನಗ ನಾಚಿಕಿ ಆಗ್ಬೇಕಿತ್ತು. ಆಗ್ಲಿಲ್ಲ. ಹಾಜರಿ ಪುಸ್ತಕ ತಗೊಂಡು ಏಳನೇ ವರ್ಗಕ್ಕ ಹೋದ್ನಿ. ಹುಡುಗ್ಯಾರು ಟೀಚರ ದಿಲ್ಲಿ ಹೆಂಗೈತ್ರಿ ಅಂತ ಮುತ್ತಿಗಿ ಹಾಕಿದ್ವು. ಭಾಳ ದೂರ ಐತಿ ಅಂತ ಹೇಳಿದ್ನಿ.

೨೭ ಅಕ್ಟೋಬರ್, ಭಾನುವಾರ

ಮುಂಜಾನಿ ಹತ್ತೂವರಿಗೆ ಇವ್ರಿಗೆ ನೀಲಾನ ಫೋನ್ ಬಂತು. ಮೊದಲ ಆಗಿದ್ರ ಇವ್ರು ಕಟ್ಟಿ ಮ್ಯಾಲ ಹೋಗಿ ಯಾವನೋ ಸರ್ವೇಯರ್ ಅಂತ ಹೇಳಿ ಮಾತಾಡ್ತಿದ್ರು. ಇವತ್ತ ನಡುಮನ್ಯಾಗ ಕುಂತ ಎತ್ತಿದ್ರು. ನನ್ನ ಮಾರಿ ನೋಡಿದ್ರು. ಕೈಯಿಂದ ಫೋನ್ ಮುಚ್ಚಿ, ಕೇಳ್ಲೇನು ಅಕಿನ್ನ, ಒಂದು ಮಾತು ಆಡ್ತೀಯೇನು ಅಂದ್ರು.

ಬ್ಯಾಡ, ಕೇಳಬ್ಯಾಡ್ರಿ ಅಂದ್ನಿ. ಕೇಳಿದ್ರ ಅಕಿ ಇಲ್ಲ ಅನ್ಬೇಕಾಗ್ತೈತಿ. ಯಾಕ ಅನಿಸೂದು ಅಕಿ ಕಡಿಂದ.

ಎದ್ದು ಹಿತ್ತಲಕ್ಕ ಬಂದ್ನಿ. ನಾ ಅಲ್ಲಿದ್ರ ಇವ್ರು ಅಳತಿ ಮಾಡಿ ಮಾತಾಡ್ತಾರ, ಅಕಿಗೆ ಅದು ತಿಳೀತೈತಿ. ಕಲ್ಲಿನ ಮ್ಯಾಲ ಕುಂತು ಇದನ್ನ ಬರಿಯಾಕತ್ತೇನಿ. ಒಳಗ ಇವ್ರ ದನಿ ಕೇಳಸ್ತೈತಿ, ಮಾತು ಕೇಳಸೂದಿಲ್ಲ. ಒಂದು ಸಲ ಗಟ್ಟಿ ನಕ್ಕ್ರು. ನೀಲಾ ಏನೋ ನಗೂವಂಥಾದ್ದು ಹೇಳ್ಯಾಳ.

ಅರ್ಧಾ ತಾಸಾತು. ಇನ್ನೂ ಮಾತಾಡಾಕತ್ತಾರ. ಆಡ್ಲಿ.